ಕಾಡಿಗೆ ಬಣ್ಣದ ಗೋಡೆ

ಮನೆಗೆ ಒಂದು ಹೊಸ ವಸ್ತು ಬಂದರೆ ಅದು ಯಾವುದಾದರೂ ಮೂಲೆ ಹಿಡಿದು ಸುಮ್ಮನೆ ಇರುತ್ತದೆ ಎಂದು ನಾವು ತಿಳಿದಿರುತ್ತೇವೆ. ನಮ್ಮ ಫ್ರಿಜ್ಜು ಹಾಗೆಯೇ ಇದ್ದುಬಿಟ್ಟಿತು. ವಾಷಿಂಗ್ ಮಷೀನು ಮೊದಮೊದಲು ಸ್ವಲ್ಪ ಕುಣಿದರೂ ಕೊನೆಗೆ ತನ್ನ ಜಾಗಕ್ಕೆ ಒಗ್ಗಿಕೊಂಡಿತು. ಆದರೆ ಪ್ರೊಜೆಕ್ಟರಿನ ಸ್ವಭಾವವೇ ಬೇರೆ. ಅದು ಬೀಗರ ಮನೆಯಿಂದ ಬಂದ ಹಿರಿಯರ ಹಾಗೆ ಕುಳಿತಲ್ಲಿಂದ ಏಳುವುದಿಲ್ಲ. ಗೋಡೆಯ ಬಣ್ಣ ಸರಿಯಿಲ್ಲ, ಕಿಟಕಿ ದೊಡ್ಡದಾಯಿತು, ನೆಲ ಮಿಂಚುತ್ತದೆ, ಮೇಲಿನ ಸ್ಲ್ಯಾಬು ಯಾಕಿಷ್ಟು ಬೆಳ್ಳಗಿದೆ ಎಂದು ಒಂದೊಂದೇ ತಕರಾರು ತೆಗೆಯುತ್ತಾ ಹೋಗುತ್ತದೆ. ಜನ ಮನೆಗೆ ತಕ್ಕ ಪ್ರೊಜೆಕ್ಟರ್ ತರುತ್ತಾರೆ; ನಾನು ಪ್ರೊಜೆಕ್ಟರ್ ತಂದು ಅದಕ್ಕೆ ತಕ್ಕ ಮನೆ ಮಾಡಲು ಹೊರಟವನು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ಇಟ್ಟುಕೊಂಡು, ಅರವತ್ತರ ಹೊಸ್ತಿಲಿಗೆ ಬಂದು, ಬಿಪಿ ಗುಳಿಗೆ ನುಂಗುತ್ತಿರುವ ಮನುಷ್ಯನಿಗೆ ಇದೆಲ್ಲ ಯಾಕೆ ಬೇಕಿತ್ತು ಎಂದು ನೀವು ಕೇಳಬಹುದು. ನನ್ನ ಹೆಂಡತಿ ಕಸ್ತೂರಿ ಈಗಾಗಲೇ ಕೇಳಿಯಾಗಿದೆ. "ಮನ್ಯಾಗ ಟಿವಿ ಇಲ್ಲೇನ್ರಿ? ಅದರಾಗಿನ ಮಂದಿ ನಿಮಗ ಸಾಲವಲ್ರೇನು?" ಎಂದಳು. "ದೊಡ್ಡದ ನೋಡಿದ್ರ ಕಣ್ಣಿಗೆ ಛಲೋ ಅಂತ" ಎಂದು ಬಾಯಿಗೆ ಬಂದ ಒಂದು ಸುಳ್ಳು ಹೇಳಿ ತಪ್ಪಿಸಿಕೊಂಡೆ. ಖರೇ ಕಾರಣವನ್ನು ಅವಳಿಗೆ ಹೇಳಲು ನಾಚಿಕೆಯಾಯಿತು. ನಿಮಗೆ ಹೇಳಲು ಅಡ್ಡಿಯಿಲ್ಲ. ನೀವು ದೂರದಲ್ಲಿದ್ದೀರಿ, ನಕ್ಕರೂ ನನಗೆ ಕೇಳಿಸುವುದಿಲ್ಲ.

ನನಗೆ ನನ್ನ ಹೆಂಡತಿಯ ಪಕ್ಕದಲ್ಲಿ ಕುಳಿತು ಒಂದು ಸಿನಿಮಾ ನೋಡಬೇಕಾಗಿತ್ತು. ಅಷ್ಟೇ.

ಮದುವೆಯಾಗಿ ಮೂವತ್ತು ವರ್ಷ ದಾಟಿದ ಮೇಲೂ ಇದೊಂದು ಆಸೆಯೇ ಎನ್ನಬೇಡಿ. ಕಸ್ತೂರಿ ಮೋಟೆಬೆನ್ನೂರಿನವಳು. ಮದುವೆಯಾಗಿ ಅವಳು ಕಾಲಿಟ್ಟಾಗ ನಮ್ಮ ಮನೆಯಲ್ಲಿ ಅಪ್ಪ, ಅವ್ವ, ಕಾಕಂದಿರು, ಚಿಗವ್ವಂದಿರು, ಅವರ ಮಕ್ಕಳು ಎಲ್ಲ ಸೇರಿ ಒಂದು ಹೊತ್ತಿನ ರೊಟ್ಟಿ ಬಡಿಯುವುದೇ ಅರ್ಧ ದಿನದ ಕೆಲಸವಾಗಿತ್ತು. ನಮ್ಮ ಪೈಕಿ ಸಿನಿಮಾಕ್ಕೆ ಹೋಗುವುದೆಂದರೆ ರಾಣೆಬೆನ್ನೂರಿಗೆ ಹೋಗುವುದು, ರಾಣೆಬೆನ್ನೂರಿಗೆ ಹೋಗುವುದೆಂದರೆ ಎಲ್ಲರೂ ಹೋಗುವುದು. ಅಂಗಡಿಯ ಚೀಲ ಹೇರುವ ಟೆಂಪೋದಲ್ಲಿ ತಾಡಪತ್ರಿ ಹಾಸಿ ಹೆಂಗಸರು ಕೂರುತ್ತಿದ್ದರು, ಗಂಡಸರು ಬಸ್ಸಿಗೆ. ಆ ಟಾಕೀಸಿನಲ್ಲಿ ಹೆಂಗಸರ ಟಿಕೆಟಿನ ಕಿಂಡಿಯೇ ಬೇರೆ, ಒಳಗೆ ಹೋಗುವ ಬಾಗಿಲೇ ಬೇರೆ. ಒಳಗೆ ನಡುವೆ ಕುಳಿತವರ ಎದೆಮಟ್ಟದ ಒಂದು ಗೋಡೆ. ಆ ಕಡೆ ಹೆಂಗಸರು, ಈ ಕಡೆ ನಾವು. ಹಿರಿಯರು ಫ್ಯಾನಿನ ಕೆಳಗೆ ನಡುವಿನ ಕುರ್ಚಿ ಹಿಡಿದರೆ ಕಿರಿಯನಾದ ನನ್ನನ್ನು ಹೆಂಗಸರಿಂದ ದೂರ, ಆಚೆ ಬದಿಯ ಗೋಡೆಗೆ ಒತ್ತಿ ಕೂರಿಸುತ್ತಿದ್ದರು. ಅಲ್ಲಿಂದ ಹೆಂಗಸರ ಕಡೆ ಎಷ್ಟು ಕತ್ತು ಉದ್ದ ಮಾಡಿದರೂ ಕತ್ತಲು ಬಿಟ್ಟು ಮತ್ತೇನೂ ಕಾಣುತ್ತಿರಲಿಲ್ಲ. ಬಳೆಯ ಸದ್ದು ಕೇಳುತ್ತಿತ್ತು, ಆದರೆ ಅಷ್ಟು ಕೈಗಳಲ್ಲಿ ಅವಳ ಬಳೆ ಯಾವುದು ಎಂದು ಹೇಗೆ ಗೊತ್ತಾಗಬೇಕು? ಇಂಟರ್‌ವಲ್ಲಿನಲ್ಲಿ ಒಂದು ಪೊಟ್ಟಣ ಖಾರದ ಶೇಂಗಾ ಕೊಂಡು ಗೋಡೆಯ ಮೇಲಿಂದ ಚಿಗವ್ವನ ಕೈಗೆ ಕೊಟ್ಟು, "ಅಕಿಗೂ ಕೊಡು" ಎಂದು ಗೊಣಗುತ್ತಿದ್ದೆ. ಅದು ಚಿಗವ್ವನಿಂದ ಅವ್ವನಿಗೆ, ಅವ್ವನಿಂದ ಅಕ್ಕನಿಗೆ ದಾಟಿ ಕಸ್ತೂರಿಯ ಕೈ ಸೇರುವಾಗ ಪೊಟ್ಟಣದ ಕಾಗದ ಮಾತ್ರ ಉಳಿದಿರುತ್ತಿತ್ತು. ನಗುವ ಸೀನಿನಲ್ಲಿ ಅವಳೂ ನಕ್ಕಿದ್ದಾಳೆ, ನಾನೂ ನಕ್ಕಿದ್ದೇನೆ, ಆದರೆ ಒಬ್ಬರು ನಕ್ಕಿದ್ದನ್ನು ಒಬ್ಬರು ನೋಡಲಿಲ್ಲ. ಆ ಸಂಕಟ ನನ್ನನ್ನು ಬಿಟ್ಟು ಎಂದೂ ಹೋಗಲಿಲ್ಲ.

ಮುಂದೆ ಪಾಲಾಯಿತು, ಕಾಕಂದಿರು ಬೇರೆ ಮನೆ ಮಾಡಿಕೊಂಡು ಹೋದರು, ಇನ್ನು ಇಬ್ಬರೇ ಹೋಗಬಹುದಲ್ಲ ಎನ್ನುವ ಹೊತ್ತಿಗೆ ಮಕ್ಕಳಾದವು. ಮಕ್ಕಳು ದೊಡ್ಡವರಾಗುವ ಹೊತ್ತಿಗೆ ಆ ಟಾಕೀಸು ಕಲ್ಯಾಣ ಮಂಟಪವಾಗಿತ್ತು. ಪರದೆ ಇದ್ದ ಜಾಗದಲ್ಲಿ ಯಾರ‍್ಯಾರದೋ ಮದುಮಕ್ಕಳು ಸಿಂಹಾಸನದ ಮೇಲೆ ಪಕ್ಕಪಕ್ಕದಲ್ಲಿ ಕುಳಿತಿರುವುದನ್ನು ನೋಡಿ ಅಕ್ಷತೆ ಹಾಕಿ ಉಂಡು ಬಂದಿದ್ದೇನೆ. ಮಗಳು ಒಮ್ಮೆ ಹುಬ್ಬಳ್ಳಿಯ ಮಾಲಿಗೆ ಕರೆದುಕೊಂಡು ಹೋದಳು. ಅಲ್ಲಿ ಹೆಂಗಸರು ಗಂಡಸರು ಎಂಬ ಭೇದವಿಲ್ಲ, ಬೇಕಾದಲ್ಲಿ ಕೂರಬಹುದು. ಆದರೆ ಮೊಮ್ಮಗಳು ಘಳಿಗೆಗೊಮ್ಮೆ ಬಚ್ಚಲಿಗೆ ಏಳುತ್ತಾಳೆ ಎಂದು ಕಸ್ತೂರಿಯನ್ನು ಸಾಲಿನ ಆ ತುದಿಗೆ ಕೂರಿಸಿ, ಅಷ್ಟೂ ಜನರ ಚೀಲ ಪರ್ಸು ಕಾಯಲು ನನ್ನನ್ನು ಈ ತುದಿಗೆ ಕೂರಿಸಿದರು. ವಾಪಸ್ಸು ಬರುವಾಗ ಹೆದ್ದಾರಿಯಲ್ಲಿ ಕಾರಿನ ಕಿಟಕಿಗೆ ತಲೆ ಆನಿಸಿ ಆಗಲೇ ನಿರ್ಧರಿಸಿದೆ: ಇನ್ನು ಟಾಕೀಸೇ ನಮ್ಮ ಮನೆಗೆ ಬರಬೇಕು.

ಪ್ರೊಜೆಕ್ಟರ್ ಬಂತು. ಮನೆಯ ಹಿಂಬದಿಯ ಕೋಣೆಯನ್ನು ಅದಕ್ಕೆ ಗೊತ್ತು ಮಾಡಿದೆ. ಅಪ್ಪನ ಕಾಲದಿಂದ ಅಲ್ಲಿ ಮೆಣಸಿನಕಾಯಿಯ ಸ್ಯಾಂಪಲ್ ಇಡುತ್ತಿದ್ದೆವು. ಅವನ್ನೆಲ್ಲ ಅಂಗಡಿಗೆ ಸಾಗಿಸಿ ಕೋಣೆ ಖಾಲಿ ಮಾಡಿದ ಮೇಲೆ ಗೋಡೆಗೆ ಯಾವ ಬಣ್ಣ ಎಂಬ ಪ್ರಶ್ನೆ ಎದ್ದಿತು. ಗಾಢ ಬಣ್ಣ ಇರಬೇಕು ಎಂದು ಎಲ್ಲೋ ಅರ್ಧ ಕೇಳಿದ್ದೆ. ಬ್ಯಾಡಗಿಯ ವ್ಯಾಪಾರಸ್ಥನಿಗೆ ಬಣ್ಣದ ವಿಷಯದಲ್ಲಿ ಯಾರ ಸಲಹೆಯೂ ಬೇಕಾಗಿಲ್ಲ ಎಂಬ ಜಂಬ ಬೇರೆ. ನಮ್ಮ ಕಾಯಿ ಬೆಲೆ ಪಡೆಯುವುದು ಖಾರಕ್ಕಲ್ಲ, ಬಣ್ಣಕ್ಕೆ. ಕಾಯಿಯನ್ನು ಮುರಿದು ಬೆಳಕಿಗೆ ಹಿಡಿದರೆ ಸಾಕು, ಅದು ಈ ವರ್ಷದ್ದೋ ಶೀತಲಗೃಹದಲ್ಲಿ ಮಲಗಿ ಎದ್ದು ಬಂದದ್ದೋ ಹೇಳಬಲ್ಲೆ. ಹಾಗಾಗಿ ನಮ್ಮ ಸೀಮೆಯ ಅಸಲು ಕೆಂಪೇ ಗೋಡೆಗೆ ಬರಲಿ ಎಂದು ಒಂದು ಒಳ್ಳೆಯ ಕಾಯಿಯನ್ನು ಕಾಗದದಲ್ಲಿ ಸುತ್ತಿಕೊಂಡು ಹಾವೇರಿಯ ಬಣ್ಣದ ಅಂಗಡಿಗೆ ಹೋದೆ. ಅಂಗಡಿಯವನು ಅದನ್ನು ಬಣ್ಣ ಗುರುತಿಸುವ ಮಷೀನಿನ ಬಾಯಿಗೆ ಹಿಡಿದ. ಮಷೀನು ಸ್ವಲ್ಪ ಯೋಚಿಸಿ ಕಂದು ಬಣ್ಣ ಎಂದಿತು. "ನಿಮ್ಮ ಕಾಯಿ ಮೈಯೆಲ್ಲಾ ಸುಕ್ಕ ಐತ್ರಿ, ಮಷೀನಿಗೆ ನೆರಳ ಕಾಣತೈತಿ" ಎಂದ. ಸುಕ್ಕಿದ್ದರೇ ಬ್ಯಾಡಗಿ ಕಾಯಿ! ನನಗೆ ಆದ ಅವಮಾನ ಅಷ್ಟಿಷ್ಟಲ್ಲ. ಮಷೀನು ಬದಿಗಿಡಿಸಿ, ಪಕ್ಕದಲ್ಲಿ ನಿಂತು, ಇನ್ನಷ್ಟು ಹಾಕು, ಇನ್ನೊಂದು ಹನಿ ಕರಿದು ಎಂದು ಹೇಳಿ ಹೇಳಿ ಕಾಯಿಯ ಬಣ್ಣವನ್ನೇ ಡಬ್ಬಿಗೆ ಇಳಿಸಿಕೊಂಡು ಬಂದೆ.

ಬಣ್ಣವೇನೋ ಅದ್ಭುತವಾಗಿತ್ತು. ಆದರೆ ಸಿನಿಮಾ ಹಚ್ಚಿದ ಮೇಲೆ ಗೊತ್ತಾಯಿತು, ಪರದೆಯ ಬೆಳಕು ಗೋಡೆಗೆ ಬಡಿದು ಮತ್ತೆ ಪರದೆಗೇ ಹೋಗಿ ಬೀಳುತ್ತದೆ, ಹೋಗುವಾಗ ಗೋಡೆಯ ಬಣ್ಣವನ್ನೂ ಕಟ್ಟಿಕೊಂಡು ಹೋಗುತ್ತದೆ. ಬಿಳಿ ಪ್ಯಾಂಟು ಬಿಳಿ ಅಂಗಿ ತೊಟ್ಟ ನಾಯಕ ಓಕುಳಿ ಆಡಿ ಬಂದವನಂತೆ ಕಂಡ. ನಾಯಕಿಯ ಮೈಮೇಲೆಲ್ಲ ಪಿತ್ತದ ಗಂಧೆ ಎದ್ದಂತಿತ್ತು. ಇಬ್ಬರೂ ಹಾಡುತ್ತಾ ಹಿಮದ ಬೆಟ್ಟದ ಮೇಲೆ ಉರುಳಿದರೆ ನಮ್ಮ ಮಾರುಕಟ್ಟೆಯಲ್ಲಿ ಕಾಯಿಯ ರಾಶಿಯ ಮೇಲೆ ಉರುಳಿದ ಹಾಗೆ ಕಂಡು ನನಗೇ ಮೈ ಉರಿಯಿತು. ಕಸ್ತೂರಿ ಬಾಗಿಲಲ್ಲೇ ನಿಂತು ನೋಡಿದಳು. "ಇವರಿಗೆಲ್ಲಾ ಜ್ವರ ಬಂದಾವೇನ್ರಿ?" ಎಂದವಳೇ ಒಲೆಯ ಮೇಲೆ ಹಾಲಿದೆ ಎಂದು ಹೊರಟುಹೋದಳು. ಅವಳಿಗಾಗಿ ನನ್ನ ಪಕ್ಕದಲ್ಲಿ ಇಟ್ಟಿದ್ದ ಕುರ್ಚಿ ಹಾಗೇ ಖಾಲಿ ಉಳಿಯಿತು.

ಆಮೇಲೆ ಬುದ್ಧಿ ಬಂದು ಮೊಬೈಲಿನಲ್ಲಿ ನೋಡಿ ತಿಳಿದುಕೊಂಡೆ. ಗೋಡೆ ಕಪ್ಪಗಿರಬೇಕು, ಅದರಲ್ಲಿ ಬೇರೆ ಬಣ್ಣದ ಛಾಯೆ ಇರಬಾರದು, ಹೊಳಪಂತೂ ಕೂಡದೇ ಕೂಡದು. ಮೇಲಿನ ಸ್ಲ್ಯಾಬಿಗೂ ಅದೇ ಬಣ್ಣ. ಇದನ್ನು ಮನೆಯಲ್ಲಿ ಹೇಳಿದಾಗ ಕಸ್ತೂರಿ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. "ಮನೀ ಗ್ವಾಡಿಗೆ ಕರೀ ಬಣ್ಣ? ಯಾರರ ಬಡಿತಾರೇನ್ರಿ? ದೀಪಾ ಹಚ್ಚೋ ಮನಿ ಇದು." ನಮ್ಮ ಪೇಂಟರ್ ಮೆಹಬೂಬ ಅಲ್ಲೇ ನಿಂತಿದ್ದ. ಕೆಂಪು ಬಳಿದವನೂ ಅವನೇ, ಇನ್ನೊಂದು ಸಲ ಬಳಿಯುವ ಕೆಲಸ ಕೈತಪ್ಪುವುದನ್ನು ನೋಡಲಾಗದೆ ಬಾಯಿ ಹಾಕಿದ. "ಕರೀದಲ್ರಿ ಅಕ್ಕಾರ. ಇದು ಕಾಡಿಗಿ ಕಲರ್ ಅಂತ ಬರತೈತ್ರಿ." "ಕಾಡಿಗಿ ಅಂದ್ರ ಅಡ್ಡಿ ಇಲ್ಲ ಬಿಡು. ಮನಿಗೆ ದೃಷ್ಟಿಯರ ಆಗಂಗಿಲ್ಲ" ಎಂದು ಕಸ್ತೂರಿ ಮೊರ ಎತ್ತಿಕೊಂಡಳು. ಡಬ್ಬಿ ಅದೇ, ಒಳಗಿನ ಕಪ್ಪು ಅದೇ. ಮುತ್ತೈದೆಯ ಕಣ್ಣಿಗೆ ಒಪ್ಪುವ ಹೆಸರು ಸಿಕ್ಕಿದ್ದರಿಂದ ಅದು ನಮ್ಮ ಮನೆಯೊಳಗೆ ಬಂತು. ಮೆಹಬೂಬನನ್ನು ನಾಳೆ ಚುನಾವಣೆಗೆ ನಿಲ್ಲಿಸಿದರೂ ಆರಿಸಿ ಬರುತ್ತಾನೆ ಎಂದು ನನಗೆ ಅನಿಸಿತು.

ಗೋಡೆ ಕಪ್ಪಾದ ಮೇಲೆ ಉಳಿದ ಹೊಳಪುಗಳ ಸರದಿ. ಟೈಲ್ಸಿನ ನೆಲದಲ್ಲಿ ಇನ್ನೊಂದು ಸಿನಿಮಾ ತಲೆಕೆಳಗಾಗಿ ಓಡುತ್ತಿತ್ತು. ಅದರ ಮೇಲೆ ಜಮಖಾನ ಹಾಸಿದೆ. ಕಿಟಕಿಗೆ ದಪ್ಪ ಬಟ್ಟೆಯ ಪರದೆ ಹೊಲಿಸಿದೆ. ಅತಿ ದೊಡ್ಡ ತೊಡಕು ನಮ್ಮ ಅಪ್ಪನ ಫೋಟೋದ್ದು. ಅಪ್ಪ ಜೀವಮಾನವಿಡೀ ಆ ಕೋಣೆಯಲ್ಲೇ ಕುಳಿತು ಸ್ಯಾಂಪಲ್ ನೋಡಿದವರಾದ್ದರಿಂದ ಅವರ ಫೋಟೋ ಅಲ್ಲೇ ಇತ್ತು. ಅದಕ್ಕೆ ಒಳ್ಳೆಯ ಗಾಜು ಹಾಕಿಸಿದ್ದೆ. ಈಗ ಪರದೆಯ ಮೇಲೆ ಯಾರು ಕುಣಿದರೂ ಆ ಗಾಜಿನಲ್ಲಿ ಅಪ್ಪನ ಪೇಟದ ಮೇಲೆ ಕುಣಿದಂತೆ ಕಾಣುತ್ತಿತ್ತು. ಸಿನಿಮಾ ನೋಡುವವರನ್ನು ತಿರಬೋಕಿಗಳು ಎಂದು ಬೈಯುತ್ತಿದ್ದ ಮನುಷ್ಯನ ಮುಖದ ಮೇಲೆ ಕ್ಲಬ್ಬಿನ ಡಾನ್ಸು! ನಾನು ನೋಡಲಾರದೆ ಎದ್ದು ಲೈಟು ಹಾಕಿದೆ. ಕೊನೆಗೆ ಒಂದು ಸೋಮವಾರ ತೆಂಗಿನಕಾಯಿ ಒಡೆದು, ಊದಿನಕಡ್ಡಿ ಹಚ್ಚಿ, ಅಪ್ಪನನ್ನು ಪಡಸಾಲೆಗೆ ವರ್ಗ ಮಾಡಿದೆವು. ಅಲ್ಲಿಂದ ಅವರಿಗೆ ಟಿವಿ ಕಾಣುತ್ತದೆ, ಆದರೆ ಅದರಲ್ಲಿ ಕಸ್ತೂರಿ ಹೆಚ್ಚಾಗಿ ಪುರಾಣದ ಧಾರಾವಾಹಿಯನ್ನೇ ನೋಡುವುದರಿಂದ ತೊಂದರೆಯಿಲ್ಲ.

ಇನ್ನು ಕೂರುವ ವ್ಯವಸ್ಥೆ. ಇಷ್ಟೆಲ್ಲ ಮಾಡಿದ್ದೇ ಅದಕ್ಕಲ್ಲವೇ? ರಾಣೆಬೆನ್ನೂರಿನ ಫರ್ನಿಚರ್ ಅಂಗಡಿಗೆ ಒಬ್ಬನೇ ಹೋಗಿ ಇಬ್ಬರು ಕೂರುವ, ನಡುವೆ ಕೈಹಿಡಿ ಇಲ್ಲದ ಒಂದು ಸೋಫಾ ಕೇಳಿದೆ. ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮದವಿ ಯಾರದ್ರಿ ಮನ್ಯಾಗ?" ಎಂದ. "ನಮ್ಮ ಅಕ್ಕನ ಮಗಂದು" ಎಂದೆ. ಅಕ್ಕನ ಮಗನಿಗೆ ಮದುವೆಯಾಗಿ ಇಬ್ಬರು ಮಕ್ಕಳಿದ್ದಾರೆ. ಸೋಫಾ ಮನೆಗೆ ಬಂದಾಗ ಕಸ್ತೂರಿ, "ಇದರಾಗ ಇಬ್ಬರ ಕುಂದರ್ತಾರ್ರಿ. ಉಳದ ಮಂದಿ?" ಎಂದು ಕೇಳಿದಳು. ಉಳಿದ ಮಂದಿ ನನ್ನ ಯೋಜನೆಯಲ್ಲಿ ಇರಲೇ ಇಲ್ಲ ಎಂದು ಹೇಳುವುದು ಹೇಗೆ? "ಜಮಖಾನಿ ಐತಲ್ಲ" ಎಂದು ಗೊಣಗಿದೆ.

ಉಳಿದ ಮಂದಿ ಬಂದೇ ಬಂದರು. ಕರ್ಜಗಿಗೆ ಕೊಟ್ಟ ನಮ್ಮ ಅಕ್ಕ, ತಮ್ಮನ ಮನೆಯಲ್ಲಿ ಟಾಕೀಸು ಆಗಿದೆ ಎಂಬ ಸುದ್ದಿ ತಿಳಿದು, ತನ್ನ ಗಂಡನಾದ ಮಾಮಾನನ್ನೂ ಸೊಸೆಯಂದಿರನ್ನೂ ಕಟ್ಟಿಕೊಂಡು ಬುತ್ತಿ ಸಮೇತ ಬಂದಳು. ಬಂದವಳೇ ಬಾಗಿಲಲ್ಲಿ ನಿಂತು ಸೆರಗು ಸಿಕ್ಕಿಸಿ ಅಪ್ಪಣೆ ಕೊಟ್ಟಳು: "ಹೆಣಮಕ್ಕಳು ಈ ಕಡೆ ಬರ್ರಿ, ಗಂಡಸರು ಆ ಕಡೆ ಗ್ವಾಡಿಗೆ ಕುಂದರ್ರಿ." ನನ್ನ ಸೋಫಾದ ಮೇಲೆ ಅಕ್ಕ ತನ್ನ ಎಲೆಅಡಿಕೆಯ ಚಂಚಿ ಬಿಚ್ಚಿ ಕುಳಿತು, ಪಕ್ಕಕ್ಕೆ ಕಸ್ತೂರಿಯನ್ನು ಎಳೆದುಕೊಂಡಳು. ನಾನು, ನನ್ನ ಸ್ವಂತ ಮನೆಯಲ್ಲಿ, ನಾನೇ ಬಣ್ಣ ಆರಿಸಿದ ಕೋಣೆಯಲ್ಲಿ, ಜಮಖಾನದ ಮೇಲೆ ಮಾಮಾನ ಪಕ್ಕ ಗೋಡೆಗೆ ಒರಗಿ ಕುಳಿತೆ. ಮಾಮಾನಿಗೆ ದೃಷ್ಟಿ ಮಂದ. "ಈಗ ಯಾರ ಬಂದ್ರು? ಯಾರ ಹೋದ್ರು?" ಎಂದು ಅವರು ಕೇಳುತ್ತಿದ್ದರು, ನಾನು ಹೇಳುತ್ತಿದ್ದೆ. ಕತ್ತಲಲ್ಲಿ ಆ ಕಡೆಯಿಂದ ಬಳೆಯ ಸದ್ದು ಬಂದಾಗ ಮತ್ತೆ ಕತ್ತು ಉದ್ದ ಮಾಡಿದೆ. ಅಷ್ಟರಲ್ಲಿ ಇನ್ನೊಂದು ನಡೆಯಿತು. ಪ್ರೊಜೆಕ್ಟರ್ ಇಟ್ಟಿದ್ದು ಹಳೆಯ ಸ್ಯಾಂಪಲ್ಲಿನ ಕಟ್ಟಿಗೆ ಹಲಗೆಯ ಮೇಲೆ. ಅದರ ಸಂದಿಯಲ್ಲಿ ಅಪ್ಪನ ಕಾಲದಿಂದ ಕುಳಿತಿದ್ದ ಮೆಣಸಿನ ಧೂಳನ್ನು ಪ್ರೊಜೆಕ್ಟರಿನ ಬಿಸಿಗಾಳಿ ನಿಧಾನವಾಗಿ ಎಬ್ಬಿಸಿತು. ಬ್ಯಾಡಗಿಯಲ್ಲೇ ಇರುವ ನನಗಾಗಲಿ ಕಸ್ತೂರಿಗಾಗಲಿ ಘಾಟು ಎಂಬುದು ಮೂಗಿಗೆ ಹತ್ತುವುದೇ ಇಲ್ಲ. ಕರ್ಜಗಿಯವರಿಗೆ ಹತ್ತಿತು. ಮೊದಲು ಒಬ್ಬರು ಸೀನಿದರು, ಆಮೇಲೆ ಎಲ್ಲರೂ. ಓಡುತ್ತಿದ್ದುದು ಹಾಸ್ಯದ ಸಿನಿಮಾ. ಆದರೆ ಇಡೀ ಕೋಣೆ ಸೆರಗಿನಿಂದ ಕಣ್ಣು ಮೂಗು ಒರೆಸಿಕೊಳ್ಳುತ್ತಿತ್ತು. "ಭಾಳ ದುಃಖದ ಪಿಕ್ಚರ್ ಬಿಡೋ ತಮ್ಮಾ" ಎಂದು ಮಾಮಾ ನನ್ನ ಕೈ ಒತ್ತಿದರು. ನನ್ನ ಮಟ್ಟಿಗೆ ಅದು ಖರೇ ಇತ್ತು.

ಅವರೆಲ್ಲ ಹೋದ ಮೇಲೆ ಹಲಗೆ ತೊಳೆಸಿದೆ. ಮಾರುಕಟ್ಟೆ ಇಲ್ಲದ ಒಂದು ದಿನ, ಮಧ್ಯಾಹ್ನ ಊಟವಾದ ಮೇಲೆ, ಯಾರೂ ಬರುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು ಕಿಟಕಿಯ ಪರದೆ ಎಳೆದೆ. "ಕಸ್ತೂರಿ, ಒಂಚೂರು ಬಾ ಇಲ್ಲೆ" ಎಂದು ಕರೆದೆ. ನನ್ನ ದನಿಯಲ್ಲಿ ಏನಿತ್ತೋ, ಅವಳು ಗಾಬರಿಯಾಗಿ, ಬಿಪಿ ಗುಳಿಗೆ ಹಿಡಿದುಕೊಂಡೇ ಬಂದಳು. ಏನಿಲ್ಲ, ಕೂರು ಎಂದೆ. ಸೋಫಾದ ತುದಿಯಲ್ಲಿ ಕುಳಿತಳು. ನಾನೂ ಕುಳಿತೆ. ಸಿನಿಮಾ ಶುರುವಾಯಿತು. ಚಿತ್ರ ಕಣ್ಣಿಗೆ ಒತ್ತಿಕೊಳ್ಳುವಷ್ಟು ಸ್ಪಷ್ಟ, ಬಿಳಿ ಬಿಳಿಯಾಗಿ, ಕಪ್ಪು ಕಪ್ಪಾಗಿ. ಕೋಣೆಯಲ್ಲಿ ಒಂದು ಎಳೆ ಬೆಳಕೂ ಹೆಚ್ಚಿಗೆ ಇರಲಿಲ್ಲ. ಮೂವತ್ತು ವರ್ಷ ಕಾದದ್ದು ಇದಕ್ಕೇ ಎಂದು ನಾನು ಉಸಿರು ಬಿಗಿಹಿಡಿದು ನೋಡತೊಡಗಿದೆ. ಆದರೆ ಪಕ್ಕದಲ್ಲಿ ಅವಳು ನೆಟ್ಟಗೆ ಕೂರುತ್ತಿಲ್ಲ. ಮತ್ತೆ ಮತ್ತೆ ನನ್ನ ಕಡೆ ಹೊರಳುತ್ತಾಳೆ, ಕಣ್ಣು ಕಿರಿದು ಮಾಡುತ್ತಾಳೆ.

"ಏನ ನೋಡಾಕತ್ತೀ? ಪಿಕ್ಚರ್ ಅಲ್ಲೈತಿ" ಎಂದೆ.

"ಪಿಕ್ಚರ್ ಕಾಣಾಕತ್ತೈತ್ರಿ. ನೀವ ಕಾಣವಲ್ರಿ."

"ನಾ ಯಾಕ ಕಾಣಬೇಕು?"

ಅವಳು ಪರದೆಯ ಕಡೆಗೇ ಮುಖ ಮಾಡಿಕೊಂಡು, ಬೇರೆ ಯಾರಿಗೋ ಹೇಳುವವಳಂತೆ ಹೇಳಿದಳು. "ರಾಣೆಬೆನ್ನೂರಾಗ ನೀವು ಆ ಕಡೆ ಗ್ವಾಡಿ ಹಂತ್ಯಾಕ ಕುಂದರ್ತಿದ್ರಿ. ಅದು ಸುಣ್ಣಾ ಹಚ್ಚಿದ ಗ್ವಾಡಿ. ಪಿಕ್ಚರಿನ ಬೆಳಕ ಬಿದ್ದಾಗೆಲ್ಲಾ ನಿಮ್ಮ ಮಾರಿ ಛಂದ ಕಾಣತಿತ್ತು. ನಾ ಪಿಕ್ಚರ್ ಎಲ್ಲಿ ನೋಡತಿದ್ದೆ? ನಿಮ್ಮನ್ನ ನೋಡಕೋಂತ ಕುಂದರ್ತಿದ್ದೆ. ಮನ್ಯಾಗ ನಿಮ್ಮ ಮಾರಿ ನೋಡಾಕ ಯಾರ ಬಿಡತಿದ್ರು ಆವಾಗ? ಮನೀಗೆ ಬಂದ ಮ್ಯಾಲೆ ನಿಮ್ಮವ್ವಾರು ಕಥಿ ಕೇಳಿದ್ರ ಹೇಳಾಕ ಬರತಿದ್ದಿಲ್ಲ. ಇಲ್ಲಿ ನೋಡಿದ್ರ ಗ್ವಾಡೀನೂ ಕರೀದು, ನಿಮ್ಮ ತಲಿಗೆ ಬಣ್ಣಾ ಹಚ್ಚಿದ್ದೂ ಕರೀದು. ಬಾಜೂಕ ಯಾರ ಕುಂತಾರ ಅನ್ನೋದ ತಿಳಿವಲ್ದು."

ಇಷ್ಟು ವರ್ಷ ಹಂಬಲಿಸಿದವನು ನಾನೊಬ್ಬನೇ ಎಂದು ತಿಳಿದುಕೊಂಡು, ಒಳಗೊಳಗೇ ಅದನ್ನು ಒಂದು ದೊಡ್ಡಸ್ತಿಕೆಯ ಹಾಗೆ ಇಟ್ಟುಕೊಂಡಿದ್ದೆ. ಅವಳು ಅದೇ ಕತ್ತಲಲ್ಲಿ ಕುಳಿತು ನನಗಿಂತ ಹೆಚ್ಚು ಹಂಬಲಿಸಿದ್ದಳು, ನನಗಿಂತ ಹೆಚ್ಚು ಪಡೆದೂ ಇದ್ದಳು. ಆ ಕಡೆ ಕತ್ತು ಉದ್ದ ಮಾಡಿದಾಗಲೆಲ್ಲ ನಾನು ನೇರ ಅವಳ ಕಣ್ಣಿಗೇ ಮುಖ ಕೊಟ್ಟಿದ್ದೆ, ನನಗೆ ಗೊತ್ತಿರಲಿಲ್ಲ ಅಷ್ಟೇ. ಸಿನಿಮಾ ತನ್ನಷ್ಟಕ್ಕೆ ಓಡುತ್ತಿತ್ತು. ನಾನು ಕಣ್ಣು ಒರೆಸಿಕೊಂಡೆ. "ಘಾಟ ಹೋಗಿಲ್ಲೇನ್ರಿ ಇನ್ನೂ?" ಎಂದು ಅವಳು ಕೇಳಿದಳು. ಹೂಂ ಎಂದೆ.

ಮರುದಿನ ಮೆಹಬೂಬನನ್ನು ಕರೆಸಿ, ಸೋಫಾದಲ್ಲಿ ನಾನು ಕೂರುವ ಕಡೆಯ ಗೋಡೆಗೆ ಬಿಳಿ ಬಣ್ಣ ಹಚ್ಚು ಎಂದೆ. ಕೆಂಪು ಆಯಿತು, ಕಾಡಿಗೆ ಆಯಿತು, ಈಗ ಬಿಳಿ. ಸಾವುಕಾರರಿಗೆ ಬಿಸಿಲು ತಗುಲಿದೆ ಎಂದುಕೊಂಡಿರಬೇಕು, ಆದರೂ ಹಚ್ಚಿಕೊಟ್ಟ. ಅಂದಿನಿಂದ ನಮ್ಮ ಮನೆಯ ಸಿನಿಮಾದ ಬಣ್ಣ ಕೆಟ್ಟಿದೆ. ನಾಯಕ ತೊಳೆದ ಬಟ್ಟೆಯ ಹಾಗೆ ಪೇಲವವಾಗಿ ಬರುತ್ತಾನೆ, ರಾತ್ರಿಯ ಸೀನುಗಳು ಮುಂಜಾನೆಯಂತೆ ಕಾಣುತ್ತವೆ. ಪ್ರೊಜೆಕ್ಟರಿನ ತಕರಾರು ಈಗ ಯಾರೂ ಕೇಳುವುದಿಲ್ಲ. ಮಧ್ಯಾಹ್ನ ಇಬ್ಬರೂ ಅಕ್ಕಪಕ್ಕ ಕುಳಿತು ನೋಡುತ್ತೇವೆ. ನಾನು ಪರದೆಯನ್ನು, ಅವಳು ನನ್ನನ್ನು. ಮೊದಲ ದಿನ ನಾನು ಬಹಳ ಸಂತೋಷದಿಂದ ನೆಟ್ಟಗೆ ಕುಳಿತಿದ್ದೆ. ಅರ್ಧ ಸಿನಿಮಾ ಆದ ಮೇಲೆ, ಮೂವತ್ತು ವರ್ಷದ ಹಿಂದೆ ನನ್ನ ಮುಖದಲ್ಲಿ ಅಂಥದ್ದೇನು ನೋಡುತ್ತಿದ್ದೆ ಎಂದು ಧೈರ್ಯ ಮಾಡಿ ಕೇಳಿಯೇಬಿಟ್ಟೆ. ಅವಳು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. "ನಗೋ ಸೀನ್ ಬರಲಿ, ಅಳೋ ಸೀನ್ ಬರಲಿ, ನೀವು ಬಾಯಿ ತಗದಕೊಂಡ ಕುಂತಿರತಿದ್ರಿ. ಒಳಗ ನೊಣಾ ಹೋಗತೈತೇನೋ ಅಂತ ನನಗ ಜೀವದಾಗ ಜೀವ ಇರತಿದ್ದಿಲ್ಲ. ಈಗೂ ಹಂಗ ಕುಂತೀರಿ ನೋಡ್ರಿ." ಅಂದಿನಿಂದ ನಾನು ಬಾಯಿ ಮುಚ್ಚಿಕೊಂಡು, ಹೊಟ್ಟೆ ಒಳಗೆಳೆದುಕೊಂಡು, ಗದ್ದ ಸ್ವಲ್ಪ ಮೇಲೆತ್ತಿ ಸಿನಿಮಾ ನೋಡುತ್ತೇನೆ. ಆ ಶ್ರಮದಲ್ಲಿ ಕಥೆ ಒಂದಿಷ್ಟೂ ತಲೆಗೆ ಹೋಗುವುದಿಲ್ಲ. ಯಾರಾದರೂ ಯಾವ ಸಿನಿಮಾ ನೋಡಿದಿರಿ, ಏನದರ ಕಥೆ ಎಂದು ಕೇಳಿದರೆ ಈಗ ಇಬ್ಬರಿಗೂ ಹೇಳಲು ಬರುವುದಿಲ್ಲ.